ವಿಕೆಟ್ ಬಿತ್ತು, ಬೌಲರ್ ಇನ್ನೂ ಬರಬೇಕು

ಮೊನ್ನೆಯ ಪಂದ್ಯದ ಕೊನೆಯ ಬಾಲ್‌ಗೆ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ಬೌಲರ್ ಒಬ್ಬನೇ. ಅವನು ನನ್ನ ಟಿವಿಯಲ್ಲಿ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಾ, ಫೀಲ್ಡರನ್ನು ಎರಡು ಹೆಜ್ಜೆ ಹಿಂದಕ್ಕೆ ಕಳಿಸುತ್ತಾ ನಿಂತಿದ್ದ. ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಪ್ಪ, ಕ್ಯಾಚ್ ಹಿಡೀತಾರೆ ಅಂತ ಹೇಳೋಣ ಅನ್ನಿಸಿತು.

ಪಕ್ಕದ ಮನೆಯವರು ಆಗಲೇ ಕಿರುಚಿದ್ದರು. ಅದನ್ನು ಕ್ಷಮಿಸಬಹುದು. ಅವರ ಗಂಟಲು, ಅವರ ಹಕ್ಕು. ಆದರೆ ಅದರ ಹಿಂದೆಯೇ, ನಾನು ಯಾವ ಆ್ಯಪ್‌ನಲ್ಲಿ ಪಂದ್ಯ ನೋಡುತ್ತಿದ್ದೆನೋ ಅದೇ ಆ್ಯಪ್‌ನವರು ನನ್ನ ಮೊಬೈಲಿಗೆ ನೋಟಿಫಿಕೇಶನ್ ಕಳಿಸಿದರು: "ರೋಚಕ ಗೆಲುವು! ಈಗಲೇ ನೋಡಿ!" ನೋಡ್ತಾನೇ ಇದ್ದೀನಲ್ಲ ಮಾರಾಯ್ರೆ! ಬಲಗೈಯಲ್ಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ. ಈ ಕಂಪನಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಅಲ್ಲಿನ ಒಂದು ವಿಭಾಗ ಸಸ್ಪೆನ್ಸ್ ಮಾರುತ್ತದೆ. ಇನ್ನೊಂದು ವಿಭಾಗ ಅದನ್ನು ಪುಕ್ಕಟೆಯಾಗಿ ಹಾಳು ಮಾಡುತ್ತದೆ.

ಇದನ್ನು ದೂರು ಅಂದುಕೊಳ್ಳಬೇಡಿ. ಹೊಗಳುವುದಕ್ಕೇ ಕೂತಿದ್ದೇನೆ. ಮುಂದೆ ಏನಾಗುತ್ತೆ ಅಂತ ತಿಳಿಯೋದಕ್ಕೆ ಹಿಂದಿನವರು ವರ್ಷಗಟ್ಟಲೆ ತಪಸ್ಸು ಮಾಡಬೇಕಿತ್ತು. ಈಗ ತಿಂಗಳ ಚಂದಾ ಕಟ್ಟಿದರೆ ಸಾಕು. ಅದರಲ್ಲೂ ಒಂದು ಚಂದವಾದ ಏರ್ಪಾಡಿದೆ. ಹಳೇ ಆಂಟೆನಾದವರಿಗೆ ಗೋಲು ಮೊದಲು ಕಾಣುತ್ತದೆ. ಡಿಶ್ ಹಾಕಿಸಿದವರಿಗೆ ಆಮೇಲೆ. ಎಲ್ಲಕ್ಕಿಂತ ಹೊಸ ಟಿವಿ ತಂದು, ಎಲ್ಲಕ್ಕಿಂತ ವೇಗದ ಇಂಟರ್ನೆಟ್ ಹಾಕಿಸಿ, ಎಲ್ಲಕ್ಕಿಂತ ದುಬಾರಿ ಪ್ಯಾಕ್ ತೆಗೆದುಕೊಂಡವನಿಗೆ ಕಟ್ಟಕಡೆಗೆ. ಒಂದೇ ಗೋಲಿಗೆ ಇಡೀ ಕಟ್ಟಡ ಮಹಡಿ ಮಹಡಿಯಾಗಿ ಕುಣಿಯುತ್ತದೆ. ಒಂದು ಗೋಲಿಗೆ ಮೂರು ಸಲ ಸಂಭ್ರಮ. ಯಾರಿಗುಂಟು ಯಾರಿಗಿಲ್ಲ!

ಯಾಕೆ ಹೀಗೆ ಅಂತ ಕೇಳಿದರೆ ಉಪಗ್ರಹದ ಮೇಲೆ ಹಾಕುತ್ತಾರೆ. "ಅಷ್ಟು ದೂರ ಹೋಗಿ ಬರಬೇಕಲ್ಲ ಸಾರ್." ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನಿಜ. ಹೋಗಿ ಬರಲು 72,000 ಕಿಲೋಮೀಟರ್. ಸಿಗ್ನಲ್ ಅಷ್ಟೂ ದಾರಿಯನ್ನು ಕಾಲು ಸೆಕೆಂಡಿನಲ್ಲಿ ಮುಗಿಸುತ್ತದೆ. ತಡವಾಗುವುದೆಲ್ಲ ನೆಲದ ಮೇಲೆ. ಚಿತ್ರವನ್ನು ಅದುಮಿ ಚಿಕ್ಕದು ಮಾಡಬೇಕು, ಈ ಕಡೆ ಬಂದ ಮೇಲೆ ಮತ್ತೆ ಬಿಡಿಸಬೇಕು. ಇಂಟರ್ನೆಟ್ಟಿನಲ್ಲಾದರೆ ಅದನ್ನು ತುಂಡು ತುಂಡು ಮಾಡಿ ಕಳಿಸಬೇಕು. 2009ರಲ್ಲಿ ಆ್ಯಪಲ್ ಕಂಪನಿ ತನ್ನ ತುಂಡಿನ ಪದ್ಧತಿ ತಂದಾಗ ಒಂದೊಂದು ತುಂಡು 10 ಸೆಕೆಂಡಿನದ್ದಿರಲಿ ಅಂದಿತ್ತು. ಆಮೇಲೆ 6 ಸಾಕು ಅಂದಿತು. ಸಾಮಾನ್ಯವಾಗಿ ಅಂಥ ಮೂರು ತುಂಡು ಕೈಗೆ ಬಂದ ಮೇಲೇ ಮೊದಲನೆಯದನ್ನು ತೋರಿಸುವುದು ವಾಡಿಕೆ. ಆರು ಮೂರಲೆ ಹದಿನೆಂಟು. ಉಳಿದ ಸಣ್ಣಪುಟ್ಟ ತಡ ಬೇರೆ.

18 ಸೆಕೆಂಡ್ ಅಂದರೆ ಏನು ಮಹಾ ಅನ್ನಬೇಡಿ. ಅಷ್ಟರೊಳಗೆ ಬೌಲರ್ ಓಡಿ ಬಂದು, ಚೆಂಡು ಹಾಕಿ, ಬ್ಯಾಟ್ಸ್‌ಮನ್ ಅದನ್ನು ಮೇಲಕ್ಕೆ ಹೊಡೆದು, ಕ್ಯಾಚ್ ಆಗಿ, ಹನ್ನೊಂದು ಜನ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ನೂರು ಮೀಟರ್ ಓಟವಂತೂ ಶುರುವಾಗಿ, ಮುಗಿದು, ಗೆದ್ದವನು ಬಾವುಟ ಹೊದ್ದುಕೊಂಡಿರುತ್ತಾನೆ.

ಇನ್ನು ಹಳೇ ರೇಡಿಯೋ. ಯಾರೂ ಅದನ್ನು ಮುಟ್ಟುವುದಿಲ್ಲ, ಅದಕ್ಕೇ ಅದು ಇನ್ನೂ ಸರಿಯಾಗಿದೆ. ಸ್ಟೇಡಿಯಮ್ಮಿನಲ್ಲಿ ನೂರು ಮೀಟರ್ ದೂರ ಕೂತವನಿಗೆ ಬ್ಯಾಟಿನ ಟಕ್ ಶಬ್ದ ಕೇಳಲು ಸುಮಾರು 0.3 ಸೆಕೆಂಡ್ ಬೇಕು. ಅಷ್ಟರಲ್ಲಿ ರೇಡಿಯೋ ಅಲೆ 90,000 ಕಿಲೋಮೀಟರ್ ಹೋಗಬಲ್ಲದು, ಅಂದರೆ ಭೂಮಿಗೆ ಎರಡು ಸುತ್ತಿಗಿಂತ ಜಾಸ್ತಿ. ದಾರಿಯಲ್ಲಿ ಯಾರೂ ಅದನ್ನು ಡಿಜಿಟಲ್ ಮಾಡಿ ಉದ್ಧಾರ ಮಾಡದಿದ್ದರೆ, ಸಾವಿರಾರು ಮೈಲಿ ಆಚೆ ರೇಡಿಯೋ ಕಿವಿಗಿಟ್ಟುಕೊಂಡವನಿಗೆ ಸ್ಟಂಪಿನ ಮೈಕ್ ಹಿಡಿದ ಆ ಟಕ್, ಟಿಕೆಟ್ ಕೊಂಡು ಒಳಗೆ ಕೂತವನಿಗಿಂತ ಮೊದಲೇ ಕೇಳುತ್ತದೆ.

ಟಿವಿಯ ಬಾಯಿ ಮುಚ್ಚಿಸಿ ರೇಡಿಯೋದ ಕಾಮೆಂಟರಿ ಕೇಳುವ ಒಂದು ಪಂಗಡವಿದೆ. ನಾನೂ ಅದರ ಸದಸ್ಯ. ನಮ್ಮ ಗೋಳು ಕೇಳುವವರೇ ಇಲ್ಲ. ರೇಡಿಯೋದವನು "ಔಟ್!" ಅನ್ನುವಾಗ ಟಿವಿಯಲ್ಲಿ ಬ್ಯಾಟ್ಸ್‌ಮನ್ ಗ್ಲೌಸ್ ಬಿಗಿ ಮಾಡಿಕೊಳ್ಳುತ್ತಿರುತ್ತಾನೆ. ಸರಿ, ಅದೇ ಕಾಮೆಂಟರಿಯನ್ನು ಇಂಟರ್ನೆಟ್ಟಿನಲ್ಲಿ ಹಾಕೋಣ ಅಂದರೆ ಎಷ್ಟೋ ಸಲ ಅದು ಟಿವಿಗಿಂತಲೂ ಹಿಂದೆ ಬೀಳುತ್ತದೆ. ಸಿಕ್ಸರ್ ಹೋಗಿ ಚೆಂಡು ವಾಪಸ್ ಬಂದಿರುತ್ತದೆ, ಇವನು "ಈಗ ಏನಾಗುತ್ತೋ ನೋಡೋಣ" ಅಂತ ದನಿ ತಗ್ಗಿಸುತ್ತಾನೆ. ಮುಂದೆ ಹೋದದ್ದನ್ನು ತಡೆದು ನಿಲ್ಲಿಸಬಹುದು. ಹಿಂದೆ ಉಳಿದದ್ದನ್ನು ತಳ್ಳುವ ಗುಂಡಿಯನ್ನು ಯಾವ ರಿಮೋಟಿನಲ್ಲೂ ಇಟ್ಟಿಲ್ಲ.

ಜಗತ್ತಿನ ಮೊದಲ ಲೈವ್ ಕಾಮೆಂಟರಿ ಸಂಜಯನದ್ದು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಸ್ವಲ್ಪ ನಿಲ್ಲಿ. ಸಂಜಯ ಯುದ್ಧಭೂಮಿಯಿಂದ ಧೃತರಾಷ್ಟ್ರನ ಹತ್ತಿರ ಓಡಿ ಬರುವುದು ಹತ್ತನೇ ದಿನ. ಬಂದವನೇ ಹೇಳುವ ಮೊದಲ ಸುದ್ದಿ, "ಭೀಷ್ಮ ಬಿದ್ದ." ಆಮೇಲೆ ಮುದುಕ ಅತ್ತು ಕರೆದು ಕೇಳಿದ ಮೇಲೆ ಮೊದಲನೇ ದಿನದಿಂದ ಕತೆ ಶುರು. ಕೃಷ್ಣ ಅರ್ಜುನನಿಗೆ ಹೇಳಿದ ಗೀತೆಯೂ ಆ ಅರಸನಿಗೆ ಸಿಕ್ಕಿದ್ದು ರೀಪ್ಲೇಯಲ್ಲೇ. ಅಂದರೆ ಫಲಿತಾಂಶ ಮೊದಲು, ಪಂದ್ಯ ಆಮೇಲೆ. ನಮ್ಮ ಆ್ಯಪ್‌ನವರು ಪರಂಪರೆಯನ್ನು ಬಿಟ್ಟಿಲ್ಲ ಬಿಡಿ.

ಇನ್ನೂ ಒಂದು ಕತೆ ಹೇಳಿಬಿಡುತ್ತೇನೆ. 1938ರಲ್ಲಿ ಇಂಗ್ಲೆಂಡಿನಲ್ಲಿ ಆ್ಯಶಸ್, ಅಂದರೆ ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿ, ನಡೆಯುತ್ತಿದ್ದಾಗ ಆಸ್ಟ್ರೇಲಿಯಾದ ರೇಡಿಯೋದವರು ಸಿಡ್ನಿಯ ಸ್ಟುಡಿಯೋದಲ್ಲಿ ಕೂತು ಕಾಮೆಂಟರಿ ಹೇಳಿದರು. ಇಂಗ್ಲೆಂಡಿನಿಂದ ತಂತಿ ಬರುತ್ತಿತ್ತು. ಅದನ್ನು ಓದಿಕೊಂಡು, ಕಣ್ಣೆದುರೇ ನಡೆಯುತ್ತಿರುವ ಹಾಗೆ ವರ್ಣಿಸುತ್ತಿದ್ದರು. ಬ್ಯಾಟಿಗೆ ಚೆಂಡು ತಾಗುವ ಸದ್ದಿಗೆ ಪೆನ್ಸಿಲಿನಿಂದ ಮರದ ತುಂಡಿಗೆ ಒಂದು ಏಟು. ಚಪ್ಪಾಳೆ ರೆಕಾರ್ಡಿನದ್ದು. ಅಮೆರಿಕದಲ್ಲಿ ಅದಕ್ಕೆ ಕೆಲವೇ ವರ್ಷ ಮೊದಲು ರೊನಾಲ್ಡ್ ರೇಗನ್ ಎಂಬ ಯುವಕ ತಂತಿ ನೋಡಿಕೊಂಡು ಬೇಸ್‌ಬಾಲ್ ಕಾಮೆಂಟರಿ ಹೇಳುತ್ತಿದ್ದ. ಒಂದು ದಿನ ನಡುವೆ ತಂತಿ ಕಡಿದುಹೋಯಿತು. ಯುವಕ ಎದೆಗುಂದಲಿಲ್ಲ. ಬ್ಯಾಟ್ ಹಿಡಿದವನಿಂದ ಒಂದಾದ ಮೇಲೊಂದು ಫೌಲ್, ಅಂದರೆ ಗೆರೆಯಾಚೆ ಹೋಗುವ ಹೊಡೆತ, ಹೊಡೆಸುತ್ತಾ ನಿಮಿಷಗಟ್ಟಲೆ ಎಳೆದ. ಅದನ್ನು ಅವರೇ ಆಮೇಲೆ ನಗುತ್ತಾ ಹೇಳಿಕೊಳ್ಳುತ್ತಿದ್ದರು. ಆಗದೇ ಇದ್ದದ್ದನ್ನು ಅಷ್ಟು ಧೈರ್ಯವಾಗಿ ಹೇಳಬಲ್ಲವರು ಮುಂದೆ ಅಧ್ಯಕ್ಷರಾಗದೆ ಇನ್ನೇನಾಗುತ್ತಾರೆ? ಆದರೂ ಆ ಕಾಲದ ಕಾಮೆಂಟರಿಯವರಲ್ಲಿ ಒಂದು ಮರ್ಯಾದೆ ಇತ್ತು. ಪೆನ್ಸಿಲ್ ಬಡಿದ ಮೇಲೇ ಔಟ್ ಅನ್ನುತ್ತಿದ್ದರು. ಮೊದಲು ಔಟ್ ಅಂತ ಚೀಟಿ ಕಳಿಸಿ, ಆಮೇಲೆ ಪೆನ್ಸಿಲ್ ಬಡಿಯುತ್ತಿರಲಿಲ್ಲ.

ನಗುವುದು ಇಷ್ಟು ಸಾಕು. 2014ರಲ್ಲಿ ಆಸ್ಟ್ರೇಲಿಯನ್ ಓಪನ್ ನಡೆಯುವಾಗ ಮೆಲ್ಬರ್ನ್‌ನಲ್ಲಿ ಒಬ್ಬ ಪ್ರೇಕ್ಷಕನನ್ನು ಪೊಲೀಸರು ಹಿಡಿದರು. ಪಾಯಿಂಟ್ ಮುಗಿದ ಕ್ಷಣವೇ, ಟಿವಿಗಿಂತ ಮೊದಲು, ಬಟ್ಟೆಯೊಳಗೆ ಅಡಗಿಸಿಟ್ಟ ಸಾಧನದಿಂದ ಬಾಜಿಯವರಿಗೆ ಸ್ಕೋರ್ ಕಳಿಸುತ್ತಿದ್ದ ಅಂತ. ಕೇಸ್ ಆಮೇಲೆ ಬಿದ್ದುಹೋಯಿತು. ಆದರೆ ಒಂದು ವಿಷಯ ಗೊತ್ತಾಯಿತು. ಈ ಕೆಲವು ಸೆಕೆಂಡುಗಳಿಗೆ ಬೆಲೆ ಇದೆ, ಅದು ವ್ಯಾಪಾರ ಮಾಡುವವರಿಗೆ ಚೆನ್ನಾಗಿ ಗೊತ್ತಿದೆ. ಟೆನಿಸ್ ಅಂಪೈರ್ ಕುರ್ಚಿಯಲ್ಲಿ ಕೂತು ಸ್ಕೋರ್ ಒತ್ತಿದ ಕೂಡಲೇ ಅದು ಡೇಟಾ ಕಂಪನಿಗಳ ಮೂಲಕ ಬಾಜಿ ಕಟ್ಟಿಸುವವರಿಗೆ ಹೋಗುತ್ತದೆ, ಒಪ್ಪಂದ ಮಾಡಿಕೊಂಡೇ. ದುಡ್ಡು ಹೂಡುವವನಿಗೆ ಆಟ ತಕ್ಷಣ ತಲುಪಿಸಲು ಬರುತ್ತದೆ. ಆಟ ನೋಡುವವನಿಗೆ ತಲುಪಿಸಲು ಮಾತ್ರ ಬರುವುದಿಲ್ಲ. ಆಡುವವರ ಹೆಸರು ಹಿಡಿದು ಕೂಗುವವನು, ಚಂದಾ ಕಟ್ಟುವವನು, ಸಾಲಿನಲ್ಲಿ ಕೊನೆಗೆ ನಿಲ್ಲಬೇಕು.

ಚಿತ್ರ ನಡುವೆ ನಿಲ್ಲಬಾರದು, ಅದಕ್ಕೆ ಸ್ವಲ್ಪ ಹಿಂದೆ ಇಟ್ಟಿದ್ದೇವೆ ಅನ್ನುತ್ತಾರೆ. ಒಪ್ಪೋಣ. ಹಾಗಾದರೆ ಅದನ್ನು ಹೇಳಿ. ಮೂಲೆಯಲ್ಲಿ "ಲೈವ್" ಅಂತ ಮಿನುಗುವ ಆ ಕೆಂಪು ಚುಕ್ಕೆಯ ಪಕ್ಕ "30 ಸೆಕೆಂಡ್ ಹಿಂದೆ" ಅಂತ ಬರೆಯಿರಿ. ಹೇಳಲ್ಲ. ತಡ ಕಡಿಮೆ ಮಾಡುವ ದಾರಿಯನ್ನು ಆ್ಯಪಲ್ 2019ರಲ್ಲೇ ತೋರಿಸಿತು. ಅದಕ್ಕೆ ಖರ್ಚಿದೆ, ಕಷ್ಟ ಇದೆ, ಇರಲಿ. ನೋಟಿಫಿಕೇಶನ್ನನ್ನು ಒಂದು ನಿಮಿಷ ತಡೆಹಿಡಿಯಲು ಏನು ಖರ್ಚು? ಯಾರು ಪಂದ್ಯ ನೋಡ್ತಾ ಇದ್ದಾರೆ ಅಂತ ಅವರಿಗೆ ಗೊತ್ತಿಲ್ಲವಾ? ಜಾಹೀರಾತು ಹಾಕುವಾಗ ನಮ್ಮ ವಯಸ್ಸು, ಊರು, ಫೋನು ಎಲ್ಲ ಗೊತ್ತಿರುತ್ತದೆ. ಆ ಜಾಹೀರಾತು ನಡುವೆ ನಿಂತದ್ದನ್ನು ಯಾರಾದರೂ ನೋಡಿದ್ದೀರಾ? ಅದು ಕನ್ನಡಿ ಹಾಗೆ ಸ್ವಚ್ಛ. ಅದು ಮುಗಿದು ಮೈದಾನಕ್ಕೆ ಬಂದರೆ ಓವರಿನ ಮೊದಲ ಬಾಲ್ ಆಗಿಹೋಗಿರುತ್ತದೆ.

ಗ್ರಾಹಕ ಸೇವೆಗೆ ಬರೆದೆ. ನನ್ನ ಆ್ಯಪ್ ಎಷ್ಟು ಸೆಕೆಂಡ್ ಹಿಂದಿದೆ, ಅಷ್ಟು ಮಾತ್ರ ಹೇಳಿ ಅಂತ ಕೇಳಿದೆ. ಕಳಿಸು ಅಂತ ಒತ್ತಿದ ಬೆರಳು ಎತ್ತುವ ಮೊದಲೇ ಉತ್ತರ ಬಂತು: "ದಯವಿಟ್ಟು ನಿಮ್ಮ ಇಂಟರ್ನೆಟ್ ವೇಗವನ್ನು ಪರೀಕ್ಷಿಸಿ."