ಉಪ್ಪುನೀರಿನ ಅಕ್ವೇರಿಯಂ: ಹಾಸನದ ಗ್ರೂಪ್‌ಗಳಲ್ಲಿ ಓಡಾಡುತ್ತಿರುವ ಮೆಸೇಜ್ ಬಗ್ಗೆ ಸ್ಪಷ್ಟನೆ

"ಬೋರ್‌ವೆಲ್ ನೀರಿಗೆ ಕಲ್ಲುಪ್ಪು ಕರಗಿಸಿ, ಒಂದು ರಾತ್ರಿ ಮೋಟರ್ ಓಡಿಸಿ, ಬೆಳಿಗ್ಗೆ ಕ್ಲೌನ್ ಫಿಶ್ ಬಿಡಿ" (ಕ್ಲೌನ್ ಫಿಶ್ ಅಂದರೆ ಸಮುದ್ರದ ಒಂದು ಬಣ್ಣದ ಮೀನು) ಎಂಬ ಮೆಸೇಜ್ ಹಾಸನದ ಮೀನು ಸಾಕುವವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸುತ್ತುತ್ತಿದೆ. ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ಕಲ್ಲುಪ್ಪಿನಲ್ಲಿ ಇರುವುದು ಬಹುತೇಕ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕೂಡ ಇರುತ್ತವೆ. ಅದಕ್ಕೇ ಇವೆಲ್ಲ ಬೆರೆತಿರುವ, ಅಕ್ವೇರಿಯಂಗೆಂದೇ ಮಾಡಿದ ಮರೈನ್ ಸಾಲ್ಟ್ ಬೇಕು. ಆರ್‌ಓ ನೀರಾದರೆ ಒಳ್ಳೆಯದು, ಲೀಟರಿಗೆ ಸುಮಾರು 35 ಗ್ರಾಂ ಈ ಉಪ್ಪು. ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗಿಂತ ಇದು ಎಷ್ಟು ಪಟ್ಟು ಭಾರ ಅನ್ನುವ ಅಳತೆ) 1.025ರ ಆಸುಪಾಸು ಇದೆಯಾ ಅಂತ ಅಳೆದು ನೋಡಿ. ನಾಲಿಗೆಗೆ ಹಚ್ಚಿ ಅಂದಾಜು ಮಾಡಲು ಇದೇನು ಸಾರಲ್ಲ!

ಇನ್ನೂ ದೊಡ್ಡ ತಪ್ಪು ಆ "ಒಂದು ರಾತ್ರಿ". ಮೀನಿನ ಗಲೀಜು, ಮಿಕ್ಕ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಮೀನಿಗೆ ಅದು ವಿಷ. ಅದನ್ನು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀರು ತಿಳಿಯಾಗಿದೆ ಅಂತ ನಂಬಬೇಡಿ, ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿಯಬೇಕು. ಆಗ ಒಂದೆರಡು ಮೀನು ಬಿಡಿ, ಜಾಸ್ತಿ ಬೇಡ.

ಈ ವಾರಗಳ ನಡುವೆ ತೊಟ್ಟಿಯ ಮರಳಿನ ಮೇಲೆ ಕಂದು ಪಾಚಿ ಬಂದರೆ ಸುಮ್ನೆ ಗಾಬರಿಯಾಗಿ ತೊಟ್ಟಿ ಖಾಲಿ ಮಾಡಬೇಡಿ. ಹೊಸ ತೊಟ್ಟಿಯಲ್ಲಿ ಅದು ಮಾಮೂಲಿ.