ಬಣ್ಣ ಹೋದರೆ ಸಾಲದು

ಹೊಂಗೆ ಎಲೆಯ ಕಷಾಯದಿಂದ ಸತುವಿನ ಆಕ್ಸೈಡ್ ನ್ಯಾನೊಕಣ (ಅತಿ ಸೂಕ್ಷ್ಮ ಕಣ) ತಯಾರಿಸಿ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆತ ನೀರನ್ನು ಬಿಸಿಲಿನಲ್ಲಿ ತಿಳಿಗೊಳಿಸುವ ಬಗೆಯನ್ನು ನಿಮ್ಮಲ್ಲಿ ಪ್ರಕಟವಾದ ಲೇಖನ ಚೆನ್ನಾಗಿ ವಿವರಿಸಿದೆ. ಮಂಡ್ಯದಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಇದನ್ನು ಕನ್ನಡದಲ್ಲಿ ಓದಿ ನಿಜಕ್ಕೂ ಸಂತೋಷವಾಯಿತು.

ಆದರೆ ನೀಲಿ ಮಾಯವಾದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ಬಣ್ಣದ ಅಣು ಒಡೆದು ಬಣ್ಣವಿಲ್ಲದ ತುಣುಕುಗಳಾಗಿ ನೀರಿನಲ್ಲೇ ಉಳಿದಿರಬಹುದು, ಇಲ್ಲವೇ ಕಣಗಳ ಮೈಗೆ ಸುಮ್ಮನೆ ಅಂಟಿಕೊಂಡಿರಬಹುದು. ಅದಕ್ಕೇ ಬರಿದೇ ಅಂಟಿಕೊಂಡದ್ದೆಷ್ಟು ಎಂದು ತಿಳಿಯಲು ಒಂದು ಪಾತ್ರೆಯನ್ನು ಕತ್ತಲಲ್ಲಿಟ್ಟು ಹೋಲಿಸಬೇಕು, ತುಣುಕುಗಳು ಉಳಿದಿವೆಯೇ ಎಂದು ತಿಳಿಯಲು ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲವನ್ನೂ ಅಳೆಯಬೇಕು. ಬಟ್ಟಿ ಇಳಿಸಿದ ನೀರಿನಲ್ಲಿ ಬಂದ ಫಲಿತಾಂಶವನ್ನೇ ನಂಬಿ ಕೂರುವಂತೆಯೂ ಇಲ್ಲ. ನಮ್ಮ ಕಡೆಯ ಗಡಸು ಕೊಳವೆಬಾವಿ ನೀರಿನಲ್ಲಿರುವ ಬೈಕಾರ್ಬೊನೇಟ್, ಬಿಸಿಲು ಬಿದ್ದಾಗ ಕಣಗಳ ಮೇಲೆ ಹುಟ್ಟಿ ಬಣ್ಣವನ್ನು ಒಡೆಯಬೇಕಾದ, ಬಹಳ ಚುರುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ತಾನೇ ಕಬಳಿಸುತ್ತದೆ. ಬಟ್ಟೆಗೆ ಬಣ್ಣ ಹಾಕುವ ಘಟಕಗಳ ನೀರಿನಲ್ಲಂತೂ ಉಪ್ಪೂ ಧಾರಾಳ, ಅದೂ ಅಡ್ಡಿಯಾಗಬಹುದು. ಸತುವಿನ ಆಕ್ಸೈಡ್ ಮುಖ್ಯವಾಗಿ ಹೀರುವುದು ನೇರಳಾತೀತ ಕಿರಣವನ್ನು. ನೆಲಕ್ಕೆ ತಲುಪುವ ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ಸುಮಾರು 5 ಶೇಕಡಾ ಮಾತ್ರ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬಳಸಿದ ಕಣಗಳ ಗತಿ. ಆಮ್ಲೀಯ ನೀರಿನಲ್ಲಿ ಅವು ಕರಗಿ ಸತುವಿನ ಅಯಾನು ಹೊರಬರುತ್ತದೆ, ಅದು ಹೆಚ್ಚಾದರೆ ಜಲಚರಗಳಿಗೆ ವಿಷ. ಎಲೆಯಿಂದ ತಯಾರಾಯಿತು ಎಂಬುದು ಇದಕ್ಕೆ ಉತ್ತರವಲ್ಲ. ಕಣಗಳನ್ನು ಮರಳಿ ಹಿಡಿಯುವ ವಿಧಾನಗಳ ಬಗ್ಗೆ ಲೇಖಕರು ದಯವಿಟ್ಟು ಇನ್ನೊಂದು ಲೇಖನ ಬರೆಯಲಿ.