ಬಿಸಿಲಿಗೆ ‘ಕಾವು’ ಬೇಕಾ? ಒಂದು ಪರ, ಒಂದು ವಿರೋಧ

ನಾವಿಬ್ಬರು ಕಲಬುರಗಿಯಲ್ಲಿ ಕೂತು ಒಂದು ಪೋಕೆಮಾನ್ ಆಟ ಕಟ್ಟುತ್ತಿದ್ದೇವೆ. ಪೋಕೆಮಾನ್ ಅಂದರೆ ಬೆಂಕಿ, ನೀರು ಹೀಗೆ ಬೇರೆ ಬೇರೆ ಟೈಪ್‌ನ ಜೀವಿಗಳನ್ನು ಸರದಿ (ಟರ್ನ್) ಪ್ರಕಾರ ಕಾದಾಡಿಸುವ ವಿಡಿಯೋ ಗೇಮ್, ಆ ಜೀವಿಗಳಿಗೂ ಅದೇ ಹೆಸರು. ಕಂಪನಿಯದ್ದಲ್ಲ, ಅಭಿಮಾನಿಗಳಾಗಿ ನಾವೇ ಮಾಡುತ್ತಿರುವುದು. ಒಬ್ಬ ನಿಯಮ ಬರೆಯುತ್ತಾನೆ, ಇನ್ನೊಬ್ಬ ಕೋಡ್ ಬರೆಯುತ್ತಾನೆ. ಎಲ್ಲದಕ್ಕೂ ಒಪ್ಪಿಗೆ ಆಯಿತು, ಬಿಸಿಲಲ್ಲಿ ನಿಂತ ಪೋಕೆಮಾನ್‌ಗೆ ಪೆಟ್ಟು ಕೊಡುವ ‘ಕಾವು’ ಅನ್ನೋ ಹೊಸ ನಿಯಮ ಒಂದು ಬಿಟ್ಟು. ಅದಕ್ಕೇ ಇಬ್ಬರೂ ಬೇರೆ ಬೇರೆ ಬರೆದಿದ್ದೇವೆ.

ಪರ

ಪೋಕೆಮಾನ್‌ನಲ್ಲಿ ಬಿಸಿಲು ಅಂದರೆ ಬರೀ ಲಾಭ. ಸನ್ನಿ ಡೇ ಅನ್ನೋ ಮೂವ್ (ಪೋಕೆಮಾನ್ ತನ್ನ ಸರದಿಯಲ್ಲಿ ಹಾಕುವ ಪಟ್ಟು) ಹಾಕಿದರೆ ಐದು ಟರ್ನ್ ಬಿಸಿಲು. ಬೆಂಕಿ ಮೂವ್‌ಗಳ ಹೊಡೆತ ಒಂದೂವರೆ ಪಟ್ಟು, ನೀರಿನದು ಅರ್ಧ, ಸೋಲಾರ್ ಬೀಮ್ ಮೂವ್‌ಗೆ ಒಂದು ಟರ್ನ್ ಕಾಯುವುದೂ ಬೇಡ. 1999ರ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಹವಾಮಾನ ಬಂದಾಗಿನಿಂದಲೂ ಮರಳುಗಾಳಿ ಎದುರಿಗೆ ನಿಂತವರನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ, ಬಿಸಿಲು ಮಾತ್ರ ಸುಮ್ನೆ ಮೇಲೆ ಹೊಳೆಯುತ್ತದೆ. ನಮ್ಮೂರಲ್ಲಿ ಹುಟ್ಟಿ ಬೆಳೆದವನಿಗೆ ಇದು ಹೇಗೆ ಗಂಟಲಲ್ಲಿ ಇಳಿಯಬೇಕು ಹೇಳಿ. ಇಲ್ಲಿ ಏಪ್ರಿಲ್ ಬಂತು ಅಂದರೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆಟೋದವರು ಬೇವಿನ ಗಿಡದ ನೆರಳು ಹಿಡಿದು ನಿಲ್ಲುತ್ತಾರೆ, ತಲೆ ಮೇಲೆ ಒದ್ದೆ ಟವೆಲ್. ಬಿಸಿಲಲ್ಲಿ ಯಾರು ಎಷ್ಟೊತ್ತು ಇರಬೇಕು, ಯಾವಾಗ ಒಳಗೆ ಬರಬೇಕು ಅನ್ನೋ ಲೆಕ್ಕ ಇಲ್ಲಿ ಮಕ್ಕಳಿಗೂ ಗೊತ್ತು.

ನನ್ನ ನಿಯಮವೂ ಆ ಲೆಕ್ಕದ್ದೇ. ಬಿಸಿಲಿದ್ದಾಗ ಕಣದಲ್ಲಿ ನಿಂತ ಎರಡೂ ಕಡೆಯ ಪೋಕೆಮಾನ್‌ಗೆ ಪ್ರತಿ ಟರ್ನ್ ಕೊನೆಗೆ ಒಂದು ಕಾವು ಏರುತ್ತದೆ. ಬೆಂಕಿ ಟೈಪ್‌ಗೆ ಮಾತ್ರ ಏರುವುದಿಲ್ಲ. ಮೂರು ಕಾವು ಆದರೆ ಪ್ರತಿ ಟರ್ನ್ ಹದಿನಾರನೇ ಒಂದು ಪಾಲು ಹೆಚ್‌ಪಿ (ಜೀವಬಲ, ಸೊನ್ನೆ ಆದರೆ ಪೋಕೆಮಾನ್ ಬಿದ್ದಂತೆ) ಹೋಗುತ್ತದೆ, ಐದಾದರೆ ಎಂಟನೇ ಒಂದು ಪಾಲು. ಹಿಂದಕ್ಕೆ ಕರೆಸಿಕೊಂಡರೆ ಅದು ನೆರಳಲ್ಲಿ ಕೂತ ಹಾಗೆ, ಟರ್ನ್‌ಗೆ ಎರಡು ಕಾವು ಇಳಿಯುತ್ತದೆ. ನೀರಿನ ಮೂವ್ ತಗುಲಿದರೆ ಅಷ್ಟೂ ಇಳಿಯುತ್ತದೆ, ಹೊಡೆದವನು ಎದುರಾಳಿಯೇ ಆಗಿರಲಿ, ಜೊತೆಗಾರನೇ ಆಗಿರಲಿ. ಇದು ಎಲ್ಲಿಂದಲೋ ತಂದದ್ದೂ ಅಲ್ಲ. ಡ್ರೈ ಸ್ಕಿನ್, ಸೋಲಾರ್ ಪವರ್ ಅನ್ನೋ ಅಬಿಲಿಟಿ (ಪೋಕೆಮಾನ್‌ನ ಹುಟ್ಟುಗುಣ) ಇರುವವಕ್ಕೆ ಮೂಲ ಆಟದಲ್ಲೇ ಬಿಸಿಲು ಟರ್ನ್‌ಗೆ ಎಂಟನೇ ಒಂದು ಪಾಲು ಹೆಚ್‌ಪಿ ಕೀಳುತ್ತದೆ. ಬೀಜ ಅಲ್ಲೇ ಇದೆ, ನಾನು ನೀರು ಹಾಕಿದೆ ಅಷ್ಟೆ.

ಕೋಡ್ ಬರೆಯುವ ಮೊದಲು ಇದನ್ನು ನಮ್ಮ ಮನೆ ಮಾಳಿಗೆ ಮೇಲೆ ಕೂತು ಆಡಿ ನೋಡಿದೆವು. ರಾತ್ರಿ, ಕರೆಂಟ್ ಇರಲಿಲ್ಲ, ಮೊಬೈಲ್ ಟಾರ್ಚ್ ಬೆಳಕು. ನೋಟ್‌ಬುಕ್ ಹಾಳೆ ಹರಿದು ಪೋಕೆಮಾನ್ ಹೆಸರು ಬರೆದಿದ್ದೆವು, ಕಾವು ಎಣಿಸೋಕೆ ಅಡುಗೆಮನೆಯಿಂದ ಒಂದು ಹಿಡಿ ತೊಗರಿ ಕಾಳು ತಂದಿದ್ದೆವು. ಡಬಲ್ ಬ್ಯಾಟಲ್, ಅಂದರೆ ಒಂದೊಂದು ಕಡೆ ಎರಡೆರಡು ಪೋಕೆಮಾನ್ ಕಣದಲ್ಲಿ. ನನ್ನ ದೋಸ್ತನ ಕಡೆ ನೈನ್‌ಟೇಲ್ಸ್ ಮತ್ತು ವೀನಸಾರ್, ನನ್ನ ಕಡೆ ಸ್ನಾರ್ಲ್ಯಾಕ್ಸ್ ಮತ್ತು ವೇಪೋರಿಯಾನ್. ನನ್ನ ಸ್ನಾರ್ಲ್ಯಾಕ್ಸ್ ಹಾಳೆ ಮೇಲೆ ಮೂರನೇ ಕಾಳು ಬಿತ್ತು. ಹಿಂದಕ್ಕೆ ಕರೆಸಬೇಕಾ, ಬಿಡಬೇಕಾ? ನಾನು ಎರಡೂ ಮಾಡಲಿಲ್ಲ. ವೇಪೋರಿಯಾನ್ ಕೈಯಿಂದ ಪಕ್ಕದ ಸ್ನಾರ್ಲ್ಯಾಕ್ಸ್ ಮೇಲೆ ವಾಟರ್ ಗನ್ ಹೊಡೆಸಿದೆ. ಬಿಸಿಲಲ್ಲಿ ಅದರ ಪೆಟ್ಟು ಹೇಗೂ ಅರ್ಧ, ಮೂರೂ ಕಾಳು ಎತ್ತಿ ಪಕ್ಕಕ್ಕಿಟ್ಟೆ. ನನ್ನ ದೋಸ್ತ ಹಾಳೆ ನೋಡುತ್ತಾ ಕೂತ, ತುಂಬಾ ಹೊತ್ತು ಮಾತಾಡಲಿಲ್ಲ. ಅವನ ವೀನಸಾರ್ ಮೇಲೂ ಮೂರು ಕಾಳು ಇತ್ತು, ಬಿಸಿಲು ತಂದವನು ಅವನೇ. ಕ್ಲೋರೊಫಿಲ್ ಅಬಿಲಿಟಿಯಿಂದ ಬಿಸಿಲಲ್ಲಿ ಅದರ ವೇಗ ಎರಡು ಪಟ್ಟು ಆಗಿತ್ತು, ಆ ವೇಗಕ್ಕೆ ಈಗ ಒಂದು ಬೆಲೆ ಬಂದಿತ್ತು. ಇಷ್ಟು ವರ್ಷ ಬಿಸಿಲಿನ ಟೀಮ್ ಆಡಿದ್ದೇನೆ, ಅಂಥ ಟರ್ನ್ ಒಂದೂ ನೋಡಿರಲಿಲ್ಲ. ಆ ಒಂದು ಟರ್ನ್‌ಗಾಗಿ ಈ ನಿಯಮ ಆಟದಲ್ಲಿ ಇರಲೇಬೇಕು ಅಂತ ನನ್ನ ಹಟ.

ವಿರೋಧ

ಆ ಮಾಳಿಗೆ ಮೇಲೆ ನಾನೂ ಇದ್ದೆ. ಆ ಟರ್ನ್ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಆಡಿದವರು ನಾವಿಬ್ಬರೇ, ನಿಯಮ ಬಾಯಿಪಾಠ ಇದ್ದವರು.

ಮೊದಲು ಟರ್ನ್ ಲೆಕ್ಕ ನೋಡೋಣ. ಬಿಸಿಲು ಇರುವುದು ಐದೇ ಟರ್ನ್. ಐದು ಕಾವು ಏರಬೇಕಾದರೆ ಒಂದೇ ಪೋಕೆಮಾನ್ ಮೊದಲಿನಿಂದ ಕೊನೆತನಕ ಎದುರಿಗೇ ನಿಂತಿರಬೇಕು, ಐದನೆಯದು ಏರುವ ಹೊತ್ತಿಗೆ ಬಿಸಿಲೇ ಮುಗಿದಿರುತ್ತದೆ. ಅಂದರೆ ಹೀಟ್ ರಾಕ್ ಅನ್ನೋ ವಸ್ತು ಹಿಡಿದು ಬಿಸಿಲನ್ನು ಎಂಟು ಟರ್ನ್‌ಗೆ ಎಳೆದವರಿಗೆ ಬಿಟ್ಟು ಆ ಎರಡನೇ ಹಂತ ಯಾರಿಗೂ ಕಾಣುವುದೇ ಇಲ್ಲ. ಕಾಣದ ಹಂತಕ್ಕೆ ನಾನು ಕೋಡ್ ಬರೆಯಬೇಕು, ಆಡುವವರು ಅದನ್ನು ಓದಿ ನೆನಪಿಟ್ಟುಕೊಳ್ಳಬೇಕು.

ಕಂಪ್ಯೂಟರ್ ಎದುರಾಳಿಯದು ಇನ್ನೂ ದೊಡ್ಡ ತೊಂದರೆ. ನಾವು ಕೆಲಸ ಮಾಡುತ್ತಿರುವುದು ಆಟ ಕಟ್ಟುವ ಸಾಫ್ಟ್‌ವೇರ್ ಆರ್‌ಪಿಜಿ ಮೇಕರ್ ಎಕ್ಸ್‌ಪಿ ಮೇಲೆ, ಪೋಕೆಮಾನ್ ಎಸೆನ್ಷಿಯಲ್ಸ್ ಕಿಟ್ ಇಟ್ಟುಕೊಂಡು. ಅದರಲ್ಲಿ ಕಂಪ್ಯೂಟರ್ ಆಡಿಸುವ ಟ್ರೈನರ್‌ಗಳಿಗೆ (ಪೋಕೆಮಾನ್ ಕಾದಾಡಿಸುವವರಿಗೆ) ವಿಷ ಗೊತ್ತು, ಮರಳುಗಾಳಿ ಗೊತ್ತು, ಕಾವು ಗೊತ್ತಿಲ್ಲ. ನಾವು ಕಲಿಸದಿದ್ದರೆ ಅವರಲ್ಲಿ ದೊಡ್ಡವನಾದ ಜಿಮ್ ಲೀಡರ್ ಕೂಡ ಬಿಸಿಲಲ್ಲಿ ನಿಂತಲ್ಲೇ ನಿಂತು ಬೇಯುತ್ತಾನೆ, ಜೊತೆಗಾರನಿಗೆ ನೀರು ಚಿಮುಕಿಸುವುದು ಅವನ ತಲೆಗೆ ಹೊಳೆಯುವುದೇ ಇಲ್ಲ. ಕಲಿಸಬೇಕು ಅಂದರೆ ಯಾವಾಗ ಹಿಂದಕ್ಕೆ ಕರೆಸಬೇಕು ಅನ್ನೋ ಭಾಗವನ್ನೇ ಪೂರ್ತಿ ಹೊಸದಾಗಿ ಬರೆಯಬೇಕು. ಹಿಂದೆ ಕೂತವೂ ಸೇರಿ ಎರಡೂ ಕಡೆ ಒಟ್ಟು ಹನ್ನೆರಡು ಪೋಕೆಮಾನ್, ಹನ್ನೆರಡು ಎಣಿಕೆ. ಮಾಳಿಗೆ ಮೇಲೆ ಕಾಳು ಕಣ್ಣಿಗೆ ಕಾಣುತ್ತಿದ್ದವು, ಸ್ಕ್ರೀನ್ ಮೇಲೆ ಇವನ್ನೆಲ್ಲ ಎಲ್ಲಿ ಇಡಲಿ?

ಒಂದು ಕಚ್ಚಾ ಕೋಡ್ ಮಾಡಿ ಚಿಕ್ಕಪ್ಪನ ಮಗನಿಗೆ ಆಡಲು ಕೊಟ್ಟೆ. ಎಂಟನೇ ಕ್ಲಾಸಿನ ಹುಡುಗ, ಟೈಪ್ ಚಾರ್ಟ್ (ಯಾವ ಟೈಪ್ ಯಾವುದಕ್ಕೆ ಭಾರಿ ಅನ್ನೋ ಪಟ್ಟಿ) ನನಗಿಂತ ಚೆನ್ನಾಗಿ ಗೊತ್ತು. ಗೆಲ್ಲುವ ಹಂತದಲ್ಲಿ ಅವನ ಪಿಕಾಚು ಎರಡೇ ಹೆಚ್‌ಪಿ ಉಳಿಸಿಕೊಂಡಿತ್ತು, ಟರ್ನ್ ಕೊನೆಗೆ ಅದು ಬಿದ್ದುಹೋಯಿತು. ನನ್ನ ಕಡೆ ತಿರುಗಿ, “ಅಣ್ಣಾ, ಯಾರೂ ಹೊಡೆದೇ ಇಲ್ಲ, ಇದು ಯಾಕ ಸತ್ತದ?” ಅಂದ. ವಿವರಿಸಿದೆ. ಎಲ್ಲಾ ಕೇಳಿ, “ಹಂಗಾದ್ರ ಮೊದ್ಲೇ ಹೇಳಬೇಕಿತ್ತಲ್ಲ” ಅಂತ ಮುಖ ಸಣ್ಣ ಮಾಡಿಕೊಂಡು ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿದ. ಆ ಮುಖ ನನಗಿನ್ನೂ ಮರೆತಿಲ್ಲ. ಅವನು ಹಾಕಿದ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ.

ಮೂಲ ಆಟ ಮಾಡಿದವರೂ ಹೋಗುತ್ತಿರುವುದು ಬೇರೆ ದಾರಿಯಲ್ಲಿ. ಡ್ರೌಟ್ ಅಬಿಲಿಟಿ ತರುವ ಬಿಸಿಲು ಮೊದಲು ಪಂದ್ಯ ಮುಗಿಯುವವರೆಗೂ ಇರುತ್ತಿತ್ತು, 2013ರ ಎಕ್ಸ್, ವೈ ಆಟಗಳಲ್ಲಿ ಅದನ್ನು ಐದು ಟರ್ನ್‌ಗೆ ಇಳಿಸಿದರು. 2022ರ ಸ್ಕಾರ್ಲೆಟ್, ವಯೊಲೆಟ್‌ನಲ್ಲಿ ಟರ್ನ್‌ಗೆ ಹದಿನಾರನೇ ಒಂದು ಪಾಲು ತಿನ್ನುತ್ತಿದ್ದ ಆಲಿಕಲ್ಲು ಮಳೆಯನ್ನೇ ತೆಗೆದು ಹಿಮ ತಂದರು. ಅದು ಯಾರ ಹೆಚ್‌ಪಿಯನ್ನೂ ತಿನ್ನುವುದಿಲ್ಲ, ಐಸ್ ಟೈಪ್‌ನ ಡಿಫೆನ್ಸ್ ಒಂದೂವರೆ ಪಟ್ಟು ಮಾಡುತ್ತದೆ. ಅವರು ಕೈಬಿಟ್ಟದ್ದನ್ನು ನಾವು ಬಿಸಿಲಿಗೆ ಅಂಟಿಸುತ್ತಿದ್ದೇವೆ ಅಲ್ವಾ?

ಊರಿನ ಬಿಸಿಲು ಆಟದಲ್ಲಿ ಬರಲಿ ಅನ್ನೋ ಆಸೆ ನನಗೂ ಇದೆ. ಮ್ಯಾಪ್‌ನಲ್ಲಿ ಬರಲಿ. ಕೋಟೆಯ ಕರಿ ಕಲ್ಲಿನ ಗೋಡೆ ಬರಲಿ, ತೊಗರಿ ಹೊಲ ಬರಲಿ, ಮಧ್ಯಾಹ್ನ ಬಾಗಿಲು ಹಾಕಿಕೊಂಡ ಅಂಗಡಿ ಬರಲಿ. ಕಾವು ಬೇಕೇ ಬೇಕು ಅಂದರೆ ಅದನ್ನು ಎಲ್ಲರ ಮೇಲೆ ಹೇರುವ ಬದಲು ಒಂದೇ ಪೋಕೆಮಾನ್‌ನ ಅಬಿಲಿಟಿ ಮಾಡಿ ಕೊಡಲಿ. ಎದುರಾಳಿಗೆ ಮಾತ್ರ ಕಾವು ಏರಲಿ, ಮೂರೇ ಹಂತ ಇರಲಿ, ಏರಿದಾಗಲೆಲ್ಲ ಸ್ಕ್ರೀನ್ ಮೇಲೆ ಒಂದು ಸಾಲು ಬರಲಿ. ದೋಸ್ತ ಇದಕ್ಕೆ ಹೂಂ ಅಂದರೆ ಇವತ್ತು ರಾತ್ರಿಯೇ ಬರೆಯಲು ಕೂರುತ್ತೇನೆ, ಮುಗಿದ ಮೇಲೆ ಮೊದಲು ಆ ಹುಡುಗನ ಕೈಗೇ ಕೊಡುತ್ತೇನೆ.